ಮೂರು ಡಬ್ಬಿಗೆ ಒಂದೇ ತಂತಿ

ನಮ್ಮ ಮುಖ್ಯಸ್ಥರಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ‘ಉಳಿತಾಯ’. ಖಾಲಿ ರೂಮಿನಲ್ಲಿ ಫ್ಯಾನ್ ತಿರುಗುತ್ತಿದ್ದರೆ ಅವರಿಗೆ ಹೊಟ್ಟೆ ಉರಿಯುತ್ತದೆ. ಹೊಸ ಕಾರಿನ ಬ್ರೇಕ್ ಎಣ್ಣೆಯ ಒತ್ತಡ ಅಳೆಯಲು ಮೂರು ಸೆನ್ಸರ್ ಇದ್ದವು: ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಡಬ್ಬಿಗೊಂದು, ಬ್ರೇಕಿನ ಡಬ್ಬಿಗೊಂದು, ಏರಿನಲ್ಲಿ ಕಾರು ಹಿಂದೆ ಜಾರದಂತೆ ಹಿಡಿಯುವ ಡಬ್ಬಿಗೊಂದು.

“ಒಂದೇ ಒತ್ತಡ ಮೂರು ಸಲ ಯಾಕ್ರೀ ಅಳೀತೀರಿ? ಜ್ವರ ಬಂದ್ರೆ ಬಾಯಲ್ಲಿ ಮೂರು ಥರ್ಮಾಮೀಟರ್ ಇಟ್ಕೋತೀರಾ?” ಅಂದರು. ಎಲ್ಲರೂ ನಕ್ಕರು, ಅವರು ಕೆಮ್ಮಿದರೂ ನಗುವ ಜನ.

ಮಾತು ತಪ್ಪೇನಲ್ಲ. ಹಂಚಿಕೊಳ್ಳುವುದು ಗೊತ್ತಿದ್ದವರು ಹಂಚಿಕೊಳ್ಳಬಹುದು. ನಮ್ಮವರು ಒಂದು ಸೆನ್ಸರಿನ ತಂತಿಯನ್ನು ಮೂರು ಕವಲು ಮಾಡಿ ಮೂರು ಡಬ್ಬಿಗೆ ಚುಚ್ಚಿ ಕೈ ತೊಳೆದುಕೊಂಡರು. ಮೂರು ಡಬ್ಬಿಗೆ ಮೂರು ವಿಭಾಗ, ಒಂದೊಂದಕ್ಕೂ ಒಬ್ಬೊಬ್ಬ ದೊರೆ. ಪ್ರತಿಯೊಬ್ಬ ದೊರೆಯೂ ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ತನ್ನ ಡಬ್ಬಿಯೊಂದನ್ನೇ ಪರೀಕ್ಷಿಸಿ, “ನಮ್ಮದು ಸರಿ ಇದೆ” ಅಂತ ಎದೆಯುಬ್ಬಿಸಿ ಹೊರಗೆ ಬಂದ. ಮೂರನ್ನೂ ಒಟ್ಟಿಗೆ ಜೋಡಿಸಿ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಪರೀಕ್ಷಾ ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯಳು ನಾನು. ಅವರೆಲ್ಲ ಊಟಕ್ಕೆ ಹೋದಾಗ ಜೋಡಿಸಿ ನೋಡಿದೆ. ಕಾರು ನಿಂತೊಡನೆ ಪೆಟ್ರೋಲ್ ಉಳಿಸಲು ಎಂಜಿನ್ ಆರುತ್ತದೆ. ಅದರ ಡಬ್ಬಿಯೂ ಮಲಗುತ್ತದೆ. ಮಲಗಿದ್ದು ಸುಮ್ಮನೆ ಮಲಗದೆ ತಂತಿಯ ವೋಲ್ಟೇಜನ್ನೆಲ್ಲ ತನ್ನ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಆಗ ಚಾಲಕ ಬ್ರೇಕನ್ನು ಎಷ್ಟೇ ಒತ್ತಿದ್ದರೂ ಏರಿನ ಡಬ್ಬಿಗೆ ಒತ್ತಡ ಸೊನ್ನೆ. ಹಿಡಿಯಬೇಕಾದ್ದನ್ನು ಅದು ಹಿಡಿಯುವುದಿಲ್ಲ. ಚಾಲಕ ನಂಬಿ ಬ್ರೇಕಿನಿಂದ ಕಾಲೆತ್ತಿದರೆ ಕಾರು ಹಿಂದಕ್ಕೆ. ಇಂಥ ಹೊತ್ತಿಗೆಂದೇ ಒಂದು ಎಚ್ಚರಿಕೆಯ ದೀಪವಿದೆ. ಅದು ಹತ್ತಿತ್ತಂತೆ ಕೂಡ. ಕಾರು ನೋಡಲು ಬರುವ ಅತಿಥಿಗಳ ಕಣ್ಣಿಗೆ ಕೆಂಪು ದೀಪ ಚೆನ್ನಾಗಿರುವುದಿಲ್ಲವೆಂದು ಏರಿನ ದೊರೆ ಅದನ್ನು ಹತ್ತದಂತೆ ಮಾಡಿಸಿದ್ದ.

ಮರುದಿನವೇ ಕಾರು ಕೊಳ್ಳುವ ಕಂಪನಿಯವರ ಮುಂದೆ ಪ್ರದರ್ಶನ. ಅಂಗಳದ ಇಳಿಜಾರಿನ ಮೇಲೆ ಕಾರು ನಿಲ್ಲಿಸಿ ಕಾಲೆತ್ತಬೇಕಾದವರು ನಮ್ಮ ಭಾವ, ಅಕ್ಕನ ಗಂಡ, ಇಲ್ಲಿಯ ಟೆಸ್ಟ್ ಡ್ರೈವರ್. ಕೆಳಗೆ ನಿಂತು ನೋಡುವವರು ಅತಿಥಿಗಳು.

ಮೀಟಿಂಗಿನಲ್ಲಿ ಹೇಳಿದೆ. ನನ್ನ ದನಿ ನನಗೇ ಕೇಳಿಸಿತೋ ಇಲ್ಲವೋ.

“ಜೋರಾಗಿ ಹೇಳಮ್ಮಾ, ನಿನ್ನ ವೋಲ್ಟೇಜೇ ಕಮ್ಮಿ ಇದೆ,” ಅಂದರು ಉಳಿತಾಯ. ಮತ್ತೆ ನಗು.

ಜೋರಾಗಿ ಹೇಳಿದೆ. ಮೂವರು ದೊರೆಗಳೂ ಮೇಜು ನೋಡುತ್ತಾ “ನಮ್ಮದು ಸರಿ ಇದೆ ಸರ್” ಅಂದರು, ಪಾಠ ಒಪ್ಪಿಸುವ ಮಕ್ಕಳ ಹಾಗೆ.

ಭಾವನನ್ನು ಕ್ಯಾಂಟೀನಿನಲ್ಲಿ ಹಿಡಿದೆ. “ಭಾವ, ನಾಳೆ ಕಾಲು ಎತ್ತಬೇಡಿ.”

“ಏನ್ ಮೇಡಂ, ಮನೇಲಿ ಬಾಯೇ ಬಿಡಲ್ಲ, ಇಲ್ಲಿ ನಂಗೇ ಆರ್ಡರ್ರಾ?” ಹಲ್ಲು ಕಿರಿದರು. “ಎತ್ತು ಅಂದ್ರೆ ಎತ್ತೋದು, ಇಳಿಸು ಅಂದ್ರೆ ಇಳಿಸೋದು. ಯೋಚನೆ ಮಾಡೋಕೆ ನಿಮ್ಮಂಥೋರಿಗೆ ಸಂಬಳ ಕೊಡ್ತಾರಲ್ಲ.”

ತನ್ನ ಕಾಲಿನ ಮೇಲೂ ಯಜಮಾನಿಕೆ ಇಲ್ಲದ ಈ ಗಂಡಸು ಮನೆಯಲ್ಲಿ ಟೀವಿ ರಿಮೋಟನ್ನು ಯಾರಿಗೂ ಕೊಡುವುದಿಲ್ಲ.

ಮರುದಿನ ಭಾವ ಕಾರನ್ನು ಏರಿನ ಮೇಲೆ ತಂದು ನಿಲ್ಲಿಸಿದರು. ಎಂಜಿನ್ ಆರಿತು. ಉಳಿತಾಯ ಅತಿಥಿಗಳನ್ನು ಸರಿಯಾಗಿ ಕಾರಿನ ಹಿಂದೆ, ಇಳಿಜಾರಿನ ಬುಡದಲ್ಲೇ ಸಾಲಾಗಿ ನಿಲ್ಲಿಸಿದರು. “ಇಲ್ಲಿಂದ ನೋಡಿದ್ರೇನೇ ಮಜಾ!”

ನಾನು ಉಳಿತಾಯರ ಹತ್ತಿರ ಹೋದೆ. “ಸರ್, ನೀವೂ ಮಧ್ಯದಲ್ಲಿ ನಿಂತ್ಕೊಳ್ಳಿ. ನಮ್ಮ ಡಬ್ಬಿ ಮೇಲೆ ನಿಮಗೆಷ್ಟು ನಂಬಿಕೆ ಅಂತ ಇವರಿಗೂ ಗೊತ್ತಾಗಲಿ.”

“ಹೌದೌದು, ಬನ್ನಿ ಸರ್!” ಅತಿಥಿಯೊಬ್ಬರು ಅವರ ಕೈ ಹಿಡಿದರು.

ಉಳಿತಾಯ ದೊರೆಗಳ ಕಡೆ ತಿರುಗಿದರು. “ಬನ್ರೀ, ನೀವೂ ಬನ್ನಿ.”

ಬ್ರೇಕಿನ ದೊರೆ, “ನಾನು ಫೋಟೋ ತೆಗೀತೀನಿ ಸರ್” ಅಂದ. ಎಂಜಿನ್ನಿನ ದೊರೆ ಬಗ್ಗಿ ಶೂ ಲೇಸಿಗೆ ಕೈಹಾಕಿದ. ಅವನ ಶೂಗೆ ಲೇಸೇ ಇರಲಿಲ್ಲ. ಏರಿನ ದೊರೆ ಗಂಟಲು ಸರಿಮಾಡಿಕೊಂಡ. “ನಮ್ಮದು ಸರಿ ಇದೆ ಸರ್. ಆದ್ರೆ ಬೇರೆಯವರ ಡಬ್ಬಿ ಬಗ್ಗೆ ನಾನು ಹೇಗೆ ಹೇಳ್ಲಿ?”

ಅಂದರೆ ನಿನ್ನೆ ನಾನು ಹೇಳಿದ್ದು ಈ ಮೂವರಿಗೂ ಚೆನ್ನಾಗಿ ಅರ್ಥವಾಗಿತ್ತು. ದಡ್ಡರೆಂದುಕೊಂಡು ಅಲ್ಲಿಯವರೆಗೆ ಒಂದಿಷ್ಟು ಕನಿಕರವಾದರೂ ಇಟ್ಟುಕೊಂಡಿದ್ದೆ.

ಉಳಿತಾಯರ ಮುಖ ಹುಳ್ಳಗಾಯಿತು. “ಇಲ್ಲಿ ಬಿಸಿಲು ಜಾಸ್ತಿ. ಆ ಗೋಡೆ ನೆರಳಿಗೆ ಹೋಗೋಣ ಬನ್ನಿ,” ಎಂದು ಎಲ್ಲರನ್ನೂ ಪಕ್ಕಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದಲೇ ಕೈ ಬೀಸಿದರು.

ಭಾವ ಕಾಲೆತ್ತಿದರು. ಕಾರು ಒಂದು ಕ್ಷಣವೂ ಯೋಚಿಸಲಿಲ್ಲ. ಸರ್ರನೆ ಹಿಂದಕ್ಕೆ ಬಂತು. ಅತಿಥಿಗಳು ಮೊದಲು ನಿಂತಿದ್ದ ಜಾಗವನ್ನು ದಾಟಿದ ಮೇಲೆ, ಭಾವ ಒತ್ತಿದ ಬ್ರೇಕ್ ಕಿರುಚಿ ಕಾರು ನಿಂತಿತು.

ಮೊದಲು ಬಾಯಿ ಬಂದದ್ದು ಉಳಿತಾಯರಿಗೆ: “ನೋಡಿದ್ರಾ? ಇಂಥದ್ದನ್ನ ಮೊದಲೇ ಕಂಡುಹಿಡಿಯೋಕೆ ಅಂತಾನೇ ನಾವು ಪರೀಕ್ಷೆ ಮಾಡೋದು!” ದೊರೆಗಳು ಗೋಣು ಆಡಿಸಿದರು. ಅತಿಥಿಗಳು ಆಡಿಸಲಿಲ್ಲ.

ಭಾವ ಬಾಗಿಲು ತೆಗೆದು ಇಳಿದರು. ನೇರ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. “ನಾಳೆ ಮತ್ತೆ ಕಾರನ್ನ ಏರು ಹತ್ತಿಸಬೇಕಂತೆ ಕಣಮ್ಮಾ. ಕಾಲು ಎತ್ತಲಾ, ಬೇಡವಾ?”

“ಮೂರೂ ಡಬ್ಬಿ ಒಟ್ಟಿಗೆ ನೋಡಿ ಹೇಳ್ತೀನಿ,” ಅಂದೆ. “ಯೋಚನೆ ಮಾಡೋಕೆ ನನಗೆ ಸಂಬಳ ಕೊಡ್ತಾರಲ್ಲ.”