ಇಪ್ಪತ್ತೊಂದು ಬಳೆ

ಕಾವೇರಿ ದಡದ ಆ ಹೆಂಗಸರ ಆಸ್ಪತ್ರೆ ಕಟ್ಟಿದಂದಿನಿಂದ ಕಾಣದಂಥ ಗಹನವಾದ ಪ್ರಶ್ನೆಯೊಂದು ಮೇ ತಿಂಗಳ ಒಂದು ಮಧ್ಯಾಹ್ನ ಅದರ ಮುಂದೆ ಬಂದು ನಿಂತಿತು: ಹೆರಿಗೆಗೆ ಬಂದ ಕುಮುದವಲ್ಲಿಯ ಕೈಬಳೆಗಳನ್ನು ಒಡೆಯಬೇಕೋ, ಬೇಡವೋ.

ಬಳೆ ಇಪ್ಪತ್ತೊಂದು, ಕೆಂಪು ಹಸಿರು ಗಾಜಿನವು. ಏಳನೇ ತಿಂಗಳಲ್ಲಿ ಶಾಸ್ತ್ರ ಮಾಡಿ ತೊಡಿಸಿದವನ್ನು ಹೆರಿಗೆಯ ತನಕ ಕಳಚುವ ಹಾಗಿಲ್ಲ. ಕೈ ಬಾತಿದ್ದರಿಂದ ಈಗ ಕಳಚಲು ಬರುವಂತೆಯೂ ಇರಲಿಲ್ಲ. ಹುಡುಗಿ ಎರಡು ದಿನದಿಂದ ನೋವು ತಿನ್ನುತ್ತಿದ್ದಳು; ಮಗು ಅಡ್ಡ ನಿಂತಿತ್ತು, ಹೊಟ್ಟೆ ಕೊಯ್ಯದೆ ಗತಿಯಿರಲಿಲ್ಲ. ಆಪರೇಷನ್ ಕೋಣೆಯ ಗೋಡೆಯ ಮೇಲೆ ದೊಡ್ಡ ಡಾಕ್ಟರು ಕರ್ನಲ್ ಹಾರ್ಟ್‌ನಲ್ ಸಾಹೇಬರ ಸಹಿಯುಳ್ಳ ನಿಯಮ ತೂಗುತ್ತಿತ್ತು: ರೋಗಿಯ ಮೈಮೇಲೆ ಯಾವ ಒಡವೆಯೂ ಇರಕೂಡದು. ಸಾಹೇಬರು ಮಾತ್ರ ಬಿಸಿಲಿಗೆ ಹೆದರಿ ಊಟಿ ಹತ್ತಿದ್ದರು.

ಅಸಿಸ್ಟೆಂಟ್ ಸರ್ಜನ್ ಅಂಬಲವಾಣರಿಗೆ ಅಲ್ಲಿ ಹತ್ತೊಂಬತ್ತು ವರ್ಷದ ಸೇವೆ. ಕೊಯ್ಯುವುದು, ಹೊಲಿಯುವುದು ಇವರು. ರಿಜಿಸ್ಟರಿನಲ್ಲಿ ಹೆಸರು ಸಾಹೇಬರದು. ಸಾಹೇಬರಿಲ್ಲದಾಗ ನಿಯಮ ಮುರಿದು, ರೋಗಿ ಸತ್ತರೆ, ಆಗ ಹೆಸರು ತಪ್ಪದೆ ತಮ್ಮದೇ ಬೀಳುತ್ತದೆ, ಕೆಲಸವೂ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನರ್ಸ್ ಅಡೈಕಲಮೇರಿ ಇಕ್ಕಳ ಹಿಡಿದು ನಿಂತಿದ್ದಳು. ಬಾಗಿಲಿಗಡ್ಡ ನಿಂತ ಅತ್ತೆ ತೈಯಲ್ನಾಯಕಿ, ಮುತ್ತೈದೆಯ ಬಳೆ ಒಡೆಯುವುದೆಂದರೆ ತನ್ನ ಮಗನಿಗೆ ಕೇಡು ಬಯಸಿದಂತೆ ಎಂದಳು. ಬಳೆಯ ಕೊಳೆ ಗಾಯಕ್ಕಿಳಿದರೆ ಸೊಸೆ ಉಳಿಯುವುದಿಲ್ಲ ಎಂದಳು ಮೇರಿ. ಹಾಗಾದರೆ ನಿನ್ನ ಸೊಂಟದ ಬೀಗದಕೈ ಗೊಂಚಲು ಬೆಳಿಗ್ಗೆ ಕಾವೇರಿಯಲ್ಲಿ ಮಿಂದು ಬಂದಿದೆಯೋ ಎಂದು ಅತ್ತೆ ವಿಚಾರಿಸಿದಳು. ಮೇರಿ ಗೊಂಚಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಅಮ್ಮಾ, ದೊಡ್ಡ ಡಾಕ್ಟ್ರು ಊರಲ್ಲಿಲ್ಲ," ಎಂದರು ಅಂಬಲವಾಣರು. "ಕೊಯ್ಯೋನು ನಾನೇ. ಅದು ನಿಮಗೆ ಗೊತ್ತಿರ್ಲಿ."

"ಅವರು ಯಾರಿಗೆ ಬೇಕಿತ್ತು? ಬಿಳಿಯಪ್ಪ ಕೈ ತೊಳ್ಕೊಂಡು ನಿಂತಿರ್ತಾನೆ, ಕೆಲ್ಸ ಎಲ್ಲಾ ಆ ಕರೀ ಡಾಕ್ಟ್ರದು ಅಂತ ನಮ್ಮ ಕಡೆ ಹೆಂಗಸ್ರೆಲ್ಲಾ ಹೇಳ್ತಾರೆ. ನನ್ ತಂಗಿ ಮಗಳ್ನ ಉಳಿಸ್ದೋರು ನೀವು. ನಿಮ್ಮನ್ನ ಕೇಳ್ಕೊಂಡೇ ಹದಿನಾಲ್ಕು ಮೈಲಿ ಗಾಡೀಲಿ ಬಂದಿದೀವಿ."

ಅಂಬಲವಾಣರು ಕನ್ನಡಕ ತೆಗೆದು, ಚೊಕ್ಕಟವಾಗಿಯೇ ಇದ್ದ ಗಾಜನ್ನು ಬಹಳ ಹೊತ್ತು ಒರೆಸಿದರು.

"ಮೇರಿ, ಇಕ್ಕಳ ಇಡು. ಬಳೇನೆಲ್ಲಾ ಸ್ಪಿರಿಟ್ನಲ್ಲಿ ತೊಳಿ. ಆಮೇಲೆ ಕಾರ್ಬಾಲಿಕ್ ಔಷಧೀಲಿ ಅದ್ದಿದ ಬಟ್ಟೆ, ಮೊಣಕೈವರೆಗೂ ಸುತ್ತು."

"ಸಾರ್, ಗೋಡೆ ಮೇಲೆ..."

"ಗೋಡೆಗೆ ನಾನು ಹೇಳ್ಕೋತೀನಿ."

ನಾಲ್ಕು ಗಂಟೆಗೆ ಹೊಲಿಗೆ ಮುಗಿಯಿತು. ಅಷ್ಟರಲ್ಲಾಗಲೇ ಹೆಣ್ಣು ಮಗುವಿನ ಅಳು ವರಾಂಡದ ತುದಿಯವರೆಗೂ ಕೇಳುತ್ತಿತ್ತು. ಬಾಣಂತಿಗೆ ಜ್ವರ ಬರುವುದೇ ಎಂದು ಅಂಬಲವಾಣರು ದಿನಕ್ಕೆ ಐದು ಸಲ ಬಂದು ಹಣೆ ಮುಟ್ಟಿದರು. ಬರಲಿಲ್ಲ.

ಹತ್ತನೆಯ ದಿನ, ಬಾವು ಇಳಿದ ಕೈಗೆ ಸೋಪು ಹಚ್ಚಿ ಅತ್ತೆಯೇ ಬಳೆ ಕಳಚಿದಳು. ಶಾಸ್ತ್ರದಂತೆ ಅವು ಹೆರಿಗೆ ಮಾಡಿಸಿದವರಿಗೆ ಸಲ್ಲಬೇಕು. ಅಲ್ಲಿಯವರೆಗೆ ಸೂಲಗಿತ್ತಿಯರಿಗೇ ಸಲ್ಲುತ್ತಿದ್ದವು. ಅವಳು ಒಯ್ದು ಅಂಬಲವಾಣರ ಮೇಜಿನ ಮೇಲಿಟ್ಟಳು.

"ನಿಮ್ಮ ಕೈಗೆ ಹತ್ತೋದಿಲ್ಲ ಡಾಕ್ಟ್ರೇ. ಆದ್ರೂ ನಿಮ್ಮವೇ."

ಜೂನಿನಲ್ಲಿ ಸಾಹೇಬರು ಇಳಿದು ಬಂದು, ವಾಡಿಕೆಯಂತೆ ರಿಜಿಸ್ಟರಿನಲ್ಲಿ ಈ ಆಪರೇಷನ್ನಿಗೂ ತಮ್ಮ ಹೆಸರು ಬರೆದರು. ಮೇಜಿನ ಮೇಲಿನ ಬಳೆಗಳು ಯಾರವು ಎಂದು ಕೇಳಿದರು. ನನ್ನವು ಎಂದರು ಅಂಬಲವಾಣರು.

ಇಪ್ಪತ್ತೊಂದೂ ಇದ್ದವು. ಒಂದೂ ಒಡೆದಿರಲಿಲ್ಲ.