ಗುರುಲಿಂಗಪ್ಪ ಸರ್ ನೋಟ್ಸ್

ಹನ್ನೊಂದು ವರ್ಷ ನಾನು ಗಣಿತ ಕಲಿಸಲಿಲ್ಲ, ಬರೆಸಿದೆ. ಸಿಂದಗಿಯ ನಮ್ಮ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ಸೆಮಿಸ್ಟರಿಗೆ ನಾನು ಹೇಳಿ ಬರೆಸಿದ್ದು ಝೆರಾಕ್ಸ್ ಆಗಿ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೂ ಹೋಯಿತು. ‘ಗುರುಲಿಂಗಪ್ಪ ಸರ್ ನೋಟ್ಸ್’ ಅಂದರೆ ಪಾಸು ಗ್ಯಾರಂಟಿ. ನನಗೂ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ಕಳೆದ ವರ್ಷ ಒಂದು ಲೆಕ್ಕ ಬರೆಸುತ್ತಿದ್ದಾಗ ಕನ್ನೊಳ್ಳಿಯ ಹುಡುಗಿ ಮೆಹನಾಜ ಕ್ಲಾಸಿನಲ್ಲಿ ಎದ್ದು ನಿಂತಳು.

“ಸರ, ಮೂರನೇ ಸಾಲಿನ್ಯಾಗ ಮೈನಸ್ ಬಿಟ್ಟೀರಿ. ಐದನೇದರಾಗ ಮತ್ತ ಬಂದೈತಿ. ನಡುವ ಎಲ್ಲಿ ಹೋಗಿತ್ರಿ?”

ನೋಡಿದೆ. ನಿಜ. ತಪ್ಪಿಗೆ ತಪ್ಪು ಕೂಡಿ ಕೊನೆಯ ಉತ್ತರ ಮಾತ್ರ ಸರಿ ಬರುತ್ತಿತ್ತು. ನೂರಾರು ಮಕ್ಕಳು ಅದನ್ನೇ ಬಾಯಿಪಾಠ ಮಾಡಿದ್ದರು, ಒಬ್ಬರೂ ಕೇಳಿರಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ.

ಮರುದಿನದಿಂದ ಬರೆಸುವುದು ಬಂದ್. ಒಂದು ಲೆಕ್ಕ ಕೊಡುತ್ತಿದ್ದೆ. ಇಬ್ಬಿಬ್ಬರು ಕೂತು ಕನ್ನಡದಲ್ಲೇ ವಾದಿಸಬೇಕು, ಬೋರ್ಡಿಗೆ ಬಂದು ತಪ್ಪು ಮಾಡಬೇಕು. ಅರ್ಧ ಕ್ಲಾಸು ಹಳೆಯ ಝೆರಾಕ್ಸಿಗೇ ಜೋತುಬಿತ್ತು. ಪ್ರಿನ್ಸಿಪಾಲ್ ಶ್ರೀಶೈಲಪ್ಪನವರು ಕರೆಸಿದರು.

“ಇದೊಂದ ಪರೀಕ್ಷಾ ನೋಡ್ತೇನಿ. ನಿಮ್ಮ ಹೊಸಾ ಪಾಠದವ್ರು ಪಾಸಾಗಲಿಲ್ಲಂದ್ರ ಮೊದಲಿನಂಗ ಬರಸ್ಬೇಕ್ರಿ.”

ಒಪ್ಪಿದೆ. ಮೆಹನಾಜಳ ಮೇಲೆ ನನಗೆ ಅಷ್ಟು ಭರವಸೆ.

ಪರೀಕ್ಷೆಗೆ ಆ ಮೈನಸ್ ಬಿಟ್ಟಿದ್ದ ಲೆಕ್ಕವೇ ಬಂತು. ಝೆರಾಕ್ಸಿನವರು ಪಾಸಾದರು. ಮೆಹನಾಜ ಮೂರು ಅಂಕದಿಂದ ಫೇಲು. ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದರೆ, ಅವಳು ತನ್ನದೇ ದಾರಿ ಹಿಡಿದು ನಾಲ್ಕೇ ಸಾಲಿನಲ್ಲಿ ಬಿಡಿಸಿದ್ದಳು. ಒಂದು ಚಿಹ್ನೆಯೂ ತಪ್ಪಿಲ್ಲ. ಪಕ್ಕದಲ್ಲಿ ಕೆಂಪು ಸೊನ್ನೆ, ‘ಸ್ಟೆಪ್ಸ್ ಇಲ್ಲ’ ಎಂಬ ಷರಾ. ಆ ಅಕ್ಷರ ನನಗೆ ಗೊತ್ತು. ನನ್ನ ಮೊದಲ ಬ್ಯಾಚಿನ ಕಲ್ಮೇಶನದು. ಈಗ ಮುದ್ದೇಬಿಹಾಳದಲ್ಲಿ ಲೆಕ್ಚರರ್. ಸಿಟ್ಟಿನಲ್ಲಿ ಫೋನ್ ಮಾಡಿದೆ.

“ಸರ, ನಿಮ್ಮ ನೋಟ್ಸ್ ಮುಂದ ಇಟ್ಕೊಂಡ ಮಾರ್ಕ್ಸ್ ಹಾಕೇನ್ರಿ,” ಎಂದ ಭಕ್ತಿಯಿಂದ. “ಸಾಲಿಗೆ ಸಾಲು ಹೊಂದಬೇಕಲ್ರಿ. ನೀವ ಕಲಿಸಿದ್ದು.”

ಫೋನ್ ಇಟ್ಟೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ಅವಳು.

ಮೆಹನಾಜ ಅಳಲಿಲ್ಲ. “ಸರ, ಮುಂದಿನ ಸಲಕ್ಕ ಆ ಹಳೇ ನೋಟ್ಸ್ ಕೊಡ್ರಿ,” ಎಂದಳು.

ಕಪಾಟಿನಿಂದ ತೆಗೆದೆ. ಮೂರನೇ ಸಾಲನ್ನಾದರೂ ಸರಿಮಾಡಿ ಕೊಡೋಣವೆಂದು ಪೆನ್ನು ಬಿಚ್ಚಿದೆ.

“ತಿದ್ದಬ್ಯಾಡ್ರಿ, ಸರ,” ಎಂದಳು. “ಹಂಗ ಕೊಡ್ರಿ. ನಾ ಪಾಸಾಗ್ಬೇಕು.”