ಮಗುಚಬಾರದ ಮೀನು

ಕಡಲಾಚೆಯ ಬಯಾನ್ ಲೆಪಾಸ್ ಎಂಬ ಊರಿನ ಒಂದು ಕಾಂಡೋದ ಒಂಬತ್ತನೇ ಮಹಡಿಯಲ್ಲಿ, ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವ ಉಡುಪಿ ಕಡೆಯ ದಾಮೋದರನಿಗೂ ಪಕ್ಕದ ಮನೆಯ ಮೇಡಂ ತಾನ್ ಅವರಿಗೂ ನಡುವೆ ಇದ್ದದ್ದು ನಾಲ್ಕಂಗುಲದ ಗೋಡೆ. ಎಪ್ಪತ್ತು ದಾಟಿದ ಆ ಚೀನೀ ಅಜ್ಜಿಯ ದನಿ ಗೋಡೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಲಿಫ್ಟಿಗೆ ಬೈಯುವುದು, ಬೆಕ್ಕಿಗೆ ಬುದ್ಧಿ ಹೇಳುವುದು, ದಾಮೋದರನ ಮನೆಯ ಮೀನುಸಾರಿನ ಘಾಟಿಗೆ ಷರಾ ಹಾಕುವುದು, ಎಲ್ಲವೂ ಒಂದೇ ಏರುದನಿಯಲ್ಲಿ. ಭಾನುವಾರ ಬೆಳಿಗ್ಗೆ ಮಲ್ಪೆಯಲ್ಲಿರುವ ಕಿವಿಮಂದದ ಅಣ್ಣ ನಿತ್ಯಾನಂದನಿಗೆ ಫೋನ್ ಮಾಡುವಾಗ ದಾಮೋದರನೂ ಗೋಡೆಗೆ ಮರ್ಯಾದೆ ಕೊಡುತ್ತಿರಲಿಲ್ಲ. ಆದರೆ ಅವನವನ ಗದ್ದಲ ಅವನವನಿಗೆ ಕೇಳಿಸುವುದಿಲ್ಲವಲ್ಲ.

ದಾಮೋದರನಿಗಿದ್ದ ಚಟ ಒಂದೇ, ಅಣಕ. ಕಾಲೇಜಿನ ಡೀನ್, ತಮಿಳು ಮುಸ್ಲಿಮರ ಮಮಕ್ ಅಂಗಡಿಯಲ್ಲಿ ಚಹಾ ಎತ್ತಿ ಹೊಯ್ಯುವವನು, ಏರ್‌ಪೋರ್ಟಿನ ಘೋಷಣೆ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಮೇಡಂ ತಾನ್ ಅವರನ್ನು ಮಾಡುವಾಗಲಂತೂ ಅವನು ತಾನೇ ತಾನ್ ಆಗಿಬಿಡುತ್ತಿದ್ದ.

"ಅಯ್ಯೋ-ಯೋ-ಯೋ, ಡಾಕ್ಟರ್ ಆ! ಆ ಮೀನು ಒಮ್ಮೆ ಸತ್ತಾಗಿದೆ ಲಾ! ಮೆಣಸು ಅರೆದು ಇನ್ನೆರಡು ಸಲ ಯಾಕೆ ಕೊಲ್ತೀರಿ?"

ಇದನ್ನು ಮಾತಿನ ಬಾಲಕ್ಕೆ 'ಲಾ' ಅಂಟಿಸುವ ಅವರದೇ ಇಂಗ್ಲಿಷಿನಲ್ಲಿ, ಮೂರು ಮೆಟ್ಟಿಲು ಹತ್ತಿ ನಾಲ್ಕನೆಯದರಲ್ಲಿ ಜಾರುವ ಅವರದೇ ರಾಗದಲ್ಲಿ ರೆಕಾರ್ಡ್ ಮಾಡಿ, ಊರಿನ ಗೆಳೆಯರ ವಾಟ್ಸಾಪ್ ಗುಂಪಿಗೆಂದು ಕಳಿಸಿದ. ಹೋದದ್ದು ಕಾಂಡೋ ನಿವಾಸಿಗಳ ಗುಂಪಿಗೆ. ಅಳಿಸುವ ಹೊತ್ತಿಗೆ ಸಾಲಾಗಿ ನಗುಮುಖಗಳು ಬಂದು ಕೂತಿದ್ದವು. ಅಷ್ಟು ಮುಖಗಳಲ್ಲಿ ಮೇಡಂ ತಾನ್ ಅವರದ್ದಿರಲಿಲ್ಲ.

ಮರುದಿನದಿಂದ ಆ ದನಿ ನಿಂತುಹೋಯಿತು. ಜಗಳವೇನೂ ಆಗಲಿಲ್ಲ. ಮಗಳು ಶ್ರೀಯಾ ಶಾಲೆ ಮುಗಿಸಿ, ಅಮ್ಮ ಗುಲಾಬಿ ಕೆಲಸದಿಂದ ಬರುವವರೆಗೆ, ಎಂದಿನಂತೆ ಅವರ ಮನೆಯಲ್ಲೇ ಕೂರುತ್ತಿದ್ದಳು. ಬಿಸ್ಕೆಟ್ಟೂ ಸಿಗುತ್ತಿತ್ತು. "ಬಟ್ ಆಂಟಿ ಓನ್ಲಿ ವಿಸ್ಪರಿಂಗ್, ಅಪ್ಪ. ಲೈಕ್ ಲೈಬ್ರರಿ," ಎಂದು ವರದಿ ಕೊಟ್ಟಳು. ಮಾರ್ಕೆಟ್ಟಿನಲ್ಲಿ ಅವರು ಬರೀ ಬೆರಳು ತೋರಿಸಿ ಮೀನು ಕೊಳ್ಳುವುದನ್ನು ಗುಲಾಬಿ ಕಂಡಳು. ಲಿಫ್ಟು ಬೈಸಿಕೊಳ್ಳದೆಯೇ ಕೆಟ್ಟು ನಿಲ್ಲತೊಡಗಿತು.

"ಕದ್ದದ್ದನ್ನು ವಾಪಸು ಕೊಡಿ ಮಾರಾಯ್ರೆ," ಎಂದಳು ಗುಲಾಬಿ.

"ನಾನೆಂತ ಕದ್ದದ್ದು?"

"ಸ್ವರ. ಈಗ ಅವ್ರಿಗೆ ಬಾಯಿ ತೆರೆದ್ರೆ ನಿಮ್ಮದೇ ನೆನಪಾಗುದು."

ಹನ್ನೊಂದು ದಿನ ಮೀನಮೇಷ ಎಣಿಸಿದ ದಾಮೋದರ ಹನ್ನೆರಡನೆಯ ದಿನ ಮೇಷವನ್ನು ಬಿಟ್ಟು ಮೀನನ್ನು ಆರಿಸಿಕೊಂಡ. ಕುರಿಮಾಂಸವನ್ನು ಮೇಡಂ ಮುಟ್ಟುತ್ತಿರಲಿಲ್ಲ. 'ಶನಿವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ನಿಮ್ಮ ಕ್ರಮದಲ್ಲೇ ಇಡೀ ಮೀನನ್ನು ಹಬೆಯಲ್ಲಿ ಬೇಯಿಸುತ್ತೇನೆ, ಮೆಣಸಿಲ್ಲ' ಎಂದು ಬರೆದು ಕಳಿಸಿದ. ಉತ್ತರವಾಗಿ ಒಂದು ಹೆಬ್ಬೆರಳು ಬಂತು. ಅದಕ್ಕೂ ದನಿಯಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಮಾರ್ಕೆಟ್ಟಿನಿಂದ ಸಿಯಾಕಪ್ ಎಂಬ ಮೀನನ್ನು ಏಷ್ಯಾಕಪ್ ಗೆದ್ದವನ ಹಾಗೆ ಎತ್ತಿಕೊಂಡು ಬಂದ. ಅದನ್ನು ಹಿಡಿಸುವ ಪಾತ್ರೆ ಮನೆಯಲ್ಲಿದ್ದದ್ದು ಒಂದೇ: ಅಷ್ಟಮಿಗೆ ಕೊಟ್ಟೆ ಕಡುಬು ಬೇಯಿಸಲು ಗುಲಾಬಿ ಊರಿನಿಂದ ಹೊತ್ತು ತಂದಿದ್ದ ಅಳಗೆ. ಅದರಲ್ಲೂ ಬಾಲ ಹೊರಗುಳಿಯಿತು.

"ಬಾಲ ಕತ್ತರಿಸಿ, ಹಿಡಿಸ್ತದೆ."

"ತಲೆ, ಬಾಲ ಎರಡೂ ಇರ್ಬೇಕಂತೆ. ಇಲ್ಲದಿದ್ರೆ ಅರ್ಧಂಬರ್ಧ ಮರ್ಯಾದೆ ಮಾಡಿದ ಹಾಗೆ."

"ಮಾಡಿ, ಮಾಡಿ. ಬರುವ ಅಷ್ಟಮಿಗೆ ಕೃಷ್ಣನಿಗೆ ಮತ್ಸ್ಯಾವತಾರದ ಕಡುಬು."

ಕೊನೆಗೆ ತಲೆಯನ್ನೂ ಬಾಲವನ್ನೂ ಮೇಲಕ್ಕೆ ಬಾಗಿಸಿದ್ದರಿಂದ ಮೀನು ದೋಣಿಯ ಹಾಗೆ ತಟ್ಟೆಯಲ್ಲಿ ಕೂತಿತು. ಹೊಟ್ಟೆಯೊಳಗೆ ಶುಂಠಿ, ಮೈಯಡಿಯಲ್ಲಿ ಈರುಳ್ಳಿ ಹೂವಿನ ದಂಟು, ಹಬೆ ಕೆಳಗಿನಿಂದಲೂ ಹಾಯಲೆಂದು. ಮೆಣಸಿನ ಡಬ್ಬಿಯ ಕಡೆ ಅವನ ಕೈ ಎರಡು ಸಲ ತಾನಾಗಿ ಹೋಗಿ, ಎರಡು ಸಲ ಬರಿಗೈಯಲ್ಲಿ ಮರಳಿತು. ನೀರು ಕುದಿಯತೊಡಗಿದ ಮೇಲೆ ತಟ್ಟೆ ಇಳಿಸಿ ಮುಚ್ಚಿದ. ಹನ್ನೆರಡು ನಿಮಿಷ. ಬೆಂದಿತೋ ಇಲ್ಲವೋ ಎಂದು ಮೀನಾಕ್ಷಿಯನ್ನೇ ಕೇಳಬೇಕು. ಕಣ್ಣು ಬೆಳ್ಳಗಾಗಿ ಹೊರಗುಬ್ಬಿದರೆ ಬೆಂದಂತೆ. ಉಬ್ಬಿತ್ತು. ತಟ್ಟೆಯಲ್ಲಿ ನಿಂತ ಹಸಿವಾಸನೆಯ ನೀರನ್ನು ಚೆಲ್ಲಿ, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಶುಂಠಿ ಹರಡಿ, ಹೊಗೆಯಾಡುವ ಎಣ್ಣೆಯನ್ನು ಮೇಲೆ ಸುರಿದಾಗ ಅಡುಗೆಮನೆ ಚುಂಯ್ ಎಂದಿತು.

"ಸಾಸಿವೆ ಇಲ್ಲದ ಒಗ್ಗರಣೆ ಎಂತದ್ದು?" ಎಂದಳು ಗುಲಾಬಿ.

"ಸಾಸಿವೆ ಇಲ್ಲ, ಸಾಸ್ ಇವೆ," ಎಂದು ಅವನು ಸೋಯಾ ಬಾಟಲಿ ಎತ್ತಿದ. ಗುಲಾಬಿ ನಗಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು.

ಮೇಡಂ ತಾನ್ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದರು, ತಲೆಯಾಡಿಸಿದರು, ಕೂತರು. "ಮೇಡಂ, ಆ ರೆಕಾರ್ಡಿಂಗ್ ವಿಷಯ..." ಎಂದು ದಾಮೋದರ ಶುರುಮಾಡಿದಾಗ ಅಂಗೈ ಎತ್ತಿ ತಡೆದು, ಮೀನನ್ನು ತೋರಿಸಿದರು. ಎಲ್ಲರೂ ತಿಂದರು. ಮೀನು ಚೆನ್ನಾಗಿತ್ತು. ಅದನ್ನು ಯಾರೂ ಹೇಳಲಿಲ್ಲ. ಚಾಪ್‌ಸ್ಟಿಕ್ ತಟ್ಟೆಗೆ ತಾಗುವುದು, ಶ್ರೀಯಾ ಜಗಿಯುವುದು, ಮೇಲೆ ತಿರುಗುವ ಫ್ಯಾನು, ಇಷ್ಟೇ ಕೇಳಿಸುತ್ತಿತ್ತು. ದಾಮೋದರನ ಬಳಿ ಎಷ್ಟೋ ಜನರ ಸ್ವರವಿತ್ತು. ಕ್ಷಮೆ ಕೇಳಲು ಅವುಗಳಲ್ಲಿ ಒಂದೂ ಹೊಂದಲಿಲ್ಲ.

ಮೇಲಿನ ಮಗ್ಗುಲು ಮುಗಿದು ಮುಳ್ಳು ಕಂಡಿತು. ದಿನವೂ ಡಿಸೆಕ್ಷನ್ ಹಾಲಿನಲ್ಲಿ ದೇಹಗಳನ್ನು ಮಗುಚಿ ಪಾಠ ಮಾಡುವ ಕೈ, ಯೋಚಿಸಲು ಕಾಯಲಿಲ್ಲ. ಅಡಿಗೆ ಎರಡು ಚಮಚ ತೂರಿಸಿ ಮೀನನ್ನು ಒಂದೇ ಏಟಿಗೆ ಮಗುಚಿ ಹಾಕಿತು.

"ಅಯ್ಯೋ-ಯೋ-ಯೋ, ಡಾಕ್ಟರ್ ಆ!"

ಬೆಕ್ಕು ಪಕ್ಕದ ಮನೆಯಲ್ಲಿ ಎಚ್ಚರವಾಗಿರಬೇಕು.

"ಮೀನು ಮಗುಚಬಾರದು ಲಾ! ದೋಣಿ ಮಗುಚ್ತದೆ! ನನ್ನ ತಮ್ಮ ಇವತ್ತು ಸಮುದ್ರಕ್ಕೆ ಹೋಗಿದ್ದಾನೆ, ಅವನನ್ನು ಮುಳುಗಿಸ್ತೀರಾ? ಮುಳ್ಳು ಎತ್ತಿ ತೆಗೀಬೇಕು, ಅಡಿಯದ್ದನ್ನು ತಿನ್ಬೇಕು! ಅಷ್ಟು ಹೆಣ ಕೊಯ್ದಿದ್ದೀರಿ, ಇಷ್ಟು ಗೊತ್ತಿಲ್ವಾ?"

ಮೂರು ಮೆಟ್ಟಿಲು ಹತ್ತಿ ನಾಲ್ಕನೆಯದರಲ್ಲಿ ಜಾರಿತು.

"ಅಪ್ಪ! ಸೇಮ್ ಸೇಮ್!" ಶ್ರೀಯಾ ಕುಣಿದಳು. "ಆಂಟಿ ಸೌಂಡ್ಸ್ ಎಕ್ಸಾಕ್ಟ್ಲಿ ಲೈಕ್ ಯು!"

ಗುಲಾಬಿ ಮೇಜಿನಡಿ ಅವಳನ್ನು ಚಿವುಟಿದ್ದು ತಡವಾಯಿತು. ದಾಮೋದರ ತಟ್ಟೆಯನ್ನೇ ನೋಡಿದ. ಮೇಡಂ ತಾನ್ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಚಾಪ್‌ಸ್ಟಿಕ್ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಇಲ್ಲದ ಫೋನನ್ನು ಕಿವಿಗೆ ಹಿಡಿದು, ಎದೆಯುಬ್ಬಿಸಿದರು.

"ಹಲೋ! ನಿತ್ಯಣ್ಣಾ! ಕೇಳ್ತುಂಟಾ? ಎಂತ, ಊಟ ಆಯ್ತಾ? ಆಂ? ಹಲೋ! ಕೇಳ್ತುಂಟಾ?"

ಒಂದಕ್ಷರದ ಅರ್ಥವೂ ಗೊತ್ತಿಲ್ಲದೆ, ಒಂದಕ್ಷರವೂ ತಪ್ಪಿಲ್ಲದೆ. ಆ 'ಎಂತ'ವನ್ನು ಕೇಳಿದರೆ ಮಲ್ಪೆ ಬಂದರಿನಲ್ಲಿ ಯಾರಾದರೂ ತಿರುಗಿ ನೋಡುತ್ತಿದ್ದರು. ಗುಲಾಬಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಾನು ಹಾಗಾ ಮಾತಾಡುದು?" ಎಂದ ದಾಮೋದರ.

"ಇಲ್ಲ. ಇನ್ನೂ ಸ್ವಲ್ಪ ಜೋರು," ಎಂದಳು ಗುಲಾಬಿ.

"ನಾಲ್ಕು ವರ್ಷ ಪ್ರಾಕ್ಟೀಸ್ ಲಾ," ಎಂದರು ಮೇಡಂ ತಾನ್, ಚಾಪ್‌ಸ್ಟಿಕ್ ಎತ್ತಿಕೊಳ್ಳುತ್ತ. "ಈಗ ಮೀನನ್ನು ವಾಪಸು ಮಗುಚಿ. ನಿಧಾನ. ತಮ್ಮ ಇನ್ನೂ ಅಲ್ಲೇ ಇದ್ದಾನೆ."

ಮರುದಿನ ಭಾನುವಾರ. ದಾಮೋದರ ಮಲ್ಪೆಗೆ ಫೋನ್ ಹಚ್ಚಿ, ನಿನ್ನೆ ಮೇಡಂ ಬಾಯಲ್ಲಿ ಕಂಡ ತನ್ನನ್ನು ನೆನೆದು, ಮೆಲ್ಲಗೆ ಮಾತಾಡಿದ. ಅಣ್ಣನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ. ಆಗಲೂ ಇಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಎದೆಯುಬ್ಬಿಸಿ, "ಅಣ್ಣಾ, ಕೇಳ್ತುಂಟಾ?" ಎಂದು ಕೂಗಿದ.

ಮಲ್ಪೆ ಇನ್ನೂ ಯೋಚಿಸುತ್ತಿತ್ತು. ಗೋಡೆಯಾಚೆಯಿಂದ ಉತ್ತರ ಬಂತು:

"ಕೇಳ್ತುಂಟಾ ಲಾ!"